ಮಳೆ ಸ್ವಲ್ಪ ಬಿಡುವಾಗ ಮಕ್ಕಳು, ಅತ್ತೆ ಎಲ್ಲರೂ ಸೇರಿ ನಡೆಯಲು ಎಲ್ಲಿಗೆ ಹೋಗಬಹುದು? (ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರು ಹೇಳಿ)

ಉಪ್ಪಳದಕ್ಕ

ಎಲ್ಲರಿಗೂ ನಮಸ್ಕಾರ. ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ರಗಳೆ. ಮಕ್ಕಳಿಗೆ ಮಂಗಳೂರಿನ ಮಾಲ್ ಬೇಕು, ಇವರಿಗೆ ನಿದ್ದೆ ಬೇಕು, ಅತ್ತೆಗೆ ದೇವಸ್ಥಾನ ಬೇಕು. ನನಗೆ ಸ್ವಲ್ಪ ಹಸಿರು ನೋಡಬೇಕು, ಸ್ವಲ್ಪ ನಡೆಯಬೇಕು, ಅಷ್ಟೇ.

ಮಕ್ಕಳಲ್ಲಿ ಒಬ್ಬಳು ಒಂದನೇ ಕ್ಲಾಸು, ಒಬ್ಬ ನಾಲ್ಕನೆಯದು. ಅತ್ತೆಗೆ ಮಂಡಿನೋವು ಉಂಟು, ಆದರೆ ಸಮತಟ್ಟು ಜಾಗವಾದರೆ ನಮಗಿಂತ ಚೆನ್ನಾಗಿ ನಡೆಯುತ್ತಾರೆ. ಸಣ್ಣ ಕಾರು. ಒಂದು ಗಂಟೆಯೊಳಗೆ ತಲುಪಬೇಕು, ಊಟ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು. ಬೇಕಲ ಕೋಟೆ ನೋಡಿ ಆಗಿದೆ, ಕಣ್ವತೀರ್ಥ ಕಡಲತೀರಕ್ಕೂ ಆಗಾಗ ಹೋಗುತ್ತೇವೆ. ದಯವಿಟ್ಟು ಕೊಡಗು, ಚಿಕ್ಕಮಗಳೂರು ಅಂತ ಹೇಳಬೇಡಿ. ನಮ್ಮ ಊರಲ್ಲೇ ಏನಿದೆ?

ಸೀತಾಂಗೋಳಿ ರೈಡರ್

ಪೊಸಡಿ ಗುಂಪೆ! ಧರ್ಮತ್ತಡ್ಕದ ಹತ್ತಿರ. ಮೇಲೆ ನಿಂತರೆ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಘಟ್ಟ. ಆಕಾಶ ತಿಳಿಯಾಗಿದ್ದರೆ ಕುದುರೆಮುಖವೂ ಕಾಣುತ್ತದೆ. ಬೆಳಿಗ್ಗೆ ಆರಕ್ಕೆ ಹೋಗಿ ಅಕ್ಕ, ಮಂಜು ಕೆಳಗೆ ಇರುತ್ತದೆ, ನೀವು ಮೇಲೆ. ಮೇಲೆ ಅಂಗಡಿ ಗಿಂಗಡಿ ಏನೂ ನಂಬಬೇಡಿ, ನೀರು ಹಿಡಿದುಕೊಂಡು ಹೋಗಿ.

ಬದಿಯಡ್ಕದ ಮಾಷ್ಟ್ರು

ಗುಂಪೆ ಒಳ್ಳೆಯದೇ. ಆದರೆ ಮಂಡಿನೋವಿನವರಿಗೆ ಕೊನೆಯ ಏರು ಕಷ್ಟ. ಮಳೆಗೆ ಕಲ್ಲೂ ಜಾರುತ್ತದೆ.

ನನ್ನ ಸಲಹೆ ಬೇರೆ. ಅನಂತಪುರಕ್ಕೆ ಹೋಗಿ. ಕುಂಬಳೆಯಿಂದ ಬದಿಯಡ್ಕ ರಸ್ತೆಯಲ್ಲಿ ಬಂದು ನಾಯ್ಕಾಪಿನಲ್ಲಿ ತಿರುಗಿದರೆ ಆಯಿತು. ಕೆರೆಯ ನಡುವೆ ಗರ್ಭಗುಡಿ, ದಡದಿಂದ ಒಂದು ಕಾಲುಸಂಕ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೇ ಎಂದು ನಂಬಿಕೆ. ಕೆರೆಯ ಮೂಲೆಯಲ್ಲಿ ಒಂದು ಗುಹೆ ಉಂಟು. ಬಾಲಕನ ರೂಪದಲ್ಲಿ ಬಂದ ದೇವರು ವಿಲ್ವಮಂಗಲ ಸ್ವಾಮಿಗಳ ಮೇಲೆ ಮುನಿಸಿಕೊಂಡು ಮಾಯವಾದದ್ದು ಅದರೊಳಗೆ ಎಂದು ಕತೆ. ಆ ಕತೆಯನ್ನು ಮಕ್ಕಳಿಗೆ ಅತ್ತೆಯೇ ಹೇಳಲಿ, ನಾವು ಹೇಳಿದರೆ ಕೇಳುವುದಿಲ್ಲ.

ಅತ್ತೆಗೆ ದೇವಸ್ಥಾನ ಆಯಿತಲ್ಲ? ಆಮೇಲೆ ನಡೆಯಲು ಸುತ್ತ ಇರುವುದೆಲ್ಲ ಪದವು. ಸಮತಟ್ಟು, ಗಾಳಿ, ಜನ ಇಲ್ಲ. ಮಧ್ಯಾಹ್ನ ನಡೆ ಮುಚ್ಚುತ್ತದೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ನಮ್ಮ ಶಾಲೆಯ ಮಕ್ಕಳನ್ನು ಹಿಂದೆಲ್ಲ ಹೀಗೇ ಕರೆದುಕೊಂಡು ಹೋಗುತ್ತಿದ್ದೆವು. ಟೂರ್ ಬಸ್ಸಿಗೆ ದುಡ್ಡಿಲ್ಲದ ಕಾಲ ಅದು.

ಉಪ್ಪಳದಕ್ಕ

ಮಾಷ್ಟ್ರೇ, ಅನಂತಪುರಕ್ಕೆ ಹೋಗಿದ್ದೇವೆ. ಆ ಕೆರೆಯ ಮೊಸಳೆ ಬಬಿಯಾ ಇದ್ದಾಗ ದೊಡ್ಡವನು ಅದನ್ನು ನೋಡಿದ್ದ. ಅದು ತೀರಿಹೋದ ಸುದ್ದಿ ಬಂದ ದಿನ (2022ರ ಅಕ್ಟೋಬರ್ 9 ಅಲ್ವಾ) ಊಟ ಬಿಟ್ಟು ಕೂತಿದ್ದ. ಮರುವರ್ಷ ನವೆಂಬರ್‌ನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿತಂತೆ ಅಂದಾಗಿನಿಂದ ಅವನಿಗೆ ಅದೇ ಜಪ.

ಆದರೆ ಪದವಿನಲ್ಲಿ ಎಂತ ಉಂಟು? ನಾವು ಕಾರಿನಲ್ಲಿ ದಾಟಿ ಹೋಗಿದ್ದೇವೆ. ಬರೀ ಕಲ್ಲು ಅಲ್ವಾ ಅದು?

ಪದವಿನ ಟಿಟ್ಟಿಭ

ಅಕ್ಕ, ಕೇಳಿದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಪದವು ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚಪ್ಪಟೆ ಗುಡ್ಡೆ. ಮಾರ್ಚ್‌ನಲ್ಲಿ ನೋಡಿದರೆ ಕಪ್ಪು ಕಲ್ಲು, ಒಣಹುಲ್ಲು, ಕಾಲು ಸುಡುವ ಬಿಸಿಲು. ಅದಕ್ಕೇ ಎಲ್ಲರೂ ಅದನ್ನು ಪಾಳು ಜಾಗ ಅನ್ನುವುದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕತೆ ಬದಲಾಗುತ್ತದೆ. ಕಲ್ಲಿನ ತಗ್ಗುಗಳಲ್ಲೆಲ್ಲ ನೀರು ನಿಲ್ಲುತ್ತದೆ. ಅದೇ ಪಳ್ಳ. ಕೆಲವು ಒಂದೇ ಹೆಜ್ಜೆಗೆ ದಾಟುವಷ್ಟು ಸಣ್ಣವು. ಕೆಲವನ್ನು ಸುತ್ತು ಹಾಕಲು ಐದು ನಿಮಿಷ ಬೇಕು. ಬೇಸಿಗೆಯವರೆಗೂ ಬತ್ತದ ಪಳ್ಳಗಳೂ ಇವೆ, ನರಿ, ಮೊಲ, ದನ ಎಲ್ಲವೂ ಅಲ್ಲಿಗೇ ನೀರಿಗೆ ಬರುತ್ತವೆ.

ಆಗಸ್ಟ್, ಸಪ್ಟೆಂಬರ್‌ನಲ್ಲಿ ಹೋಗಿ. ಕಾರಿನಿಂದ ನೋಡಿದರೆ ಹುಲ್ಲು ಮಾತ್ರ ಕಾಣುತ್ತದೆ. ಕುಕ್ಕರಗಾಲಿನಲ್ಲಿ ಕೂತರೆ ಹೂ ಕಾಣುತ್ತದೆ. ಬೆರಳುದ್ದದ ಕಡ್ಡಿಯ ತುದಿಗೆ ನೀಲಿ ಹೂ, ಅದು ಯುಟ್ರಿಕ್ಯುಲೇರಿಯಾ. ಮಲಯಾಳದವರು ಕಾಕ್ಕಪ್ಪೂವು ಅನ್ನುತ್ತಾರೆ, ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಮಕ್ಕಳು ಕೊಯ್ದು ತರುತ್ತಿದ್ದ ಹೂ. ನೋಡಲು ಪಾಪ, ಆದರೆ ಮಾಂಸಾಹಾರಿ! ನೆಲದಡಿಯಲ್ಲಿ ಅದಕ್ಕೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ನೀರಿನ ಸಣ್ಣ ಹುಳ ಚೀಲದ ಬಾಯಿಯ ಕೂದಲು ಮುಟ್ಟಿದ್ದೇ ತಡ, ಬಾಗಿಲು ತೆರೆದು ನೀರಿನ ಜೊತೆ ಹುಳವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರಜನಕ ಕಡಿಮೆ. ಗೊಬ್ಬರ ಹಾಕುವವರು ಯಾರೂ ಇಲ್ಲವಲ್ಲ, ಅದಕ್ಕೆ ಈ ದಾರಿ. ಅದರ ಪಕ್ಕದಲ್ಲೇ ಡ್ರೊಸೆರಾ ಇರುತ್ತದೆ. ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಗೆ ಅಂಟು ಹನಿ. ಇರುವೆ ಸಿಕ್ಕಿಕೊಂಡದ್ದನ್ನು ತೋರಿಸಿದರೆ ನಿಮ್ಮ ನಾಲ್ಕನೇ ಕ್ಲಾಸಿನವನು ಮಾಲ್ ಮರೆಯುತ್ತಾನೆ. ಒಂದು ಭೂತಗನ್ನಡಿ ಹಿಡಿದುಕೊಂಡು ಹೋಗಿ. ಬಿಳಿ ಗುಂಡಿ ಹೊಲಿದ ಹಾಗೆ ಕಾಣುವುದು ಎರಿಯೊಕಾಲಾನ್.

ಅಕ್ಟೋಬರ್ ನವೆಂಬರ್‌ನಲ್ಲಿ ಪದವಿನ ಮೇಲೆ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಗಳು ಗುಂಪು ಗುಂಪಾಗಿ ಹಾರುತ್ತವೆ. ಪಂಟಾಲಾ ಅಂತ ಅದರ ಜಾತಿ. ಆ ಪುಟ್ಟ ಹುಳ ಸಮುದ್ರ ದಾಟಿ ಪೂರ್ವ ಆಫ್ರಿಕಾದವರೆಗೆ ಹೋಗುತ್ತದೆ. ನಾವು ಚಿಕ್ಕವರಿದ್ದಾಗ ಅದರ ಬಾಲಕ್ಕೆ ನೂಲು ಕಟ್ಟುತ್ತಿದ್ದೆವು!

ನನ್ನ ಹೆಸರಿನ ಹಕ್ಕಿಯೂ ಅಲ್ಲೇ ಸಿಗುತ್ತದೆ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ನಾಲ್ಕು ಕಲ್ಲು ಸರಿಸಿ ಬರೀ ನೆಲದಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೇಸಿಗೆಯಿಂದ ಮಳೆ ಶುರುವಾಗುವವರೆಗೆ ಅದರ ಬಾಣಂತನ. ಆಗ ತಲೆಯ ಮೇಲೆ ಹಾರಿ ಕಿರುಚಿದರೆ ಬಂದ ದಾರಿಯಲ್ಲೇ ವಾಪಸ್ ನಡೆಯಿರಿ.

ಬಾಯಾರಿನ ಭಾವ

ಟಿಟ್ಟಿಭ ಭಾವ ಹೂ ಹೇಳಿದರು, ನಾನು ನೀರು ಹೇಳುತ್ತೇನೆ.

ನಮ್ಮ ಮನೆಗೆ ಸುರಂಗದ ನೀರು. ಹೊರಗಿನವರಿಗೆ: ಗುಡ್ಡೆಯ ಬದಿಗೆ ಅಡ್ಡವಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ ಮುರಕಲ್ಲನ್ನು ಕೊರೆದುಕೊಂಡು ಹೋಗುವುದು. ಒಳಗೆ ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಶೇಣಿ, ಎಣ್ಮಕಜೆ ಕಡೆ ಮನೆಗೊಂದು, ಕೆಲವರಿಗೆ ಎರಡು ಮೂರೂ ಉಂಟು.

ಆ ಒಸರು ಎಲ್ಲಿಂದ ಬಂತು? ಮೇಲಿನ ಪದವಿನಿಂದ. ಪಳ್ಳದಲ್ಲಿ ನಿಂತ ನೀರು ಕಲ್ಲಿನ ತೂತುಗಳಲ್ಲಿ ಇಳಿದು, ನಿಧಾನಕ್ಕೆ ಕೆಳಗೆ ಬರುತ್ತದೆ. ನಮ್ಮ ಮೇಲಿನ ಗುಡ್ಡೆಯ ಒಂದು ಕಡೆ ಕಲ್ಲು ಕೋರೆ ಮಾಡಿದರು. ಆಮೇಲೆ ಆ ಬದಿಯ ಸುರಂಗದಲ್ಲಿ ಫೆಬ್ರವರಿಗೇ ನೀರು ನೂಲಿನಷ್ಟಾಯಿತು. ಹಿಂದೆ ಮೇ ತಿಂಗಳಿಗೂ ಅಡಕೆ ತೋಟಕ್ಕೆ ಬಿಡುತ್ತಿದ್ದ ನೀರು ಅದು. ಕೋರೆಯಿಂದಲೇ ಅಂತ ಕಾಗದದಲ್ಲಿ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ನನಗೆ ಸಂಶಯವೂ ಇಲ್ಲ.

ಅಕ್ಕ, ಮಕ್ಕಳಿಗೆ ಪಳ್ಳ ತೋರಿಸಿ ಆದ ಮೇಲೆ ಪರಿಚಯದವರ ಮನೆಯಲ್ಲಿ ಒಂದು ಸುರಂಗವನ್ನೂ ತೋರಿಸಿ. ಬಾಯಿಯ ಹತ್ತಿರ ನಿಂತು ನೋಡಿದರೆ ಸಾಕು, ಒಳಗೆ ಬಿಡಬೇಡಿ. ಬಾವಲಿ ಇರುತ್ತದೆ, ಕೆಲವು ಕಡೆ ಹಾವೂ.

ಹೊಸೂರು ಗೌಡ

ನಾನು ತಮಿಳುನಾಡು ಗಡಿಯಿಂದ ಓದ್ತಾ ಇದ್ದೀನಿ. ನಿಮ್ಮ ಅದೃಷ್ಟ ಸ್ವಾಮಿ. ನಮ್ಮ ಹೊಸೂರಲ್ಲಿ ಭಾನುವಾರ ಅಂದ್ರೆ ರಾಮನಾಯಕನ ಕೆರೆ ಏರಿ, ಇಲ್ಲಾಂದ್ರೆ ಕೆಲವರಪಲ್ಲಿ ಡ್ಯಾಮು. ಡ್ಯಾಮಿಗೆ ಬರೋ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆ ಹೊತ್ಕೊಂಡು ಬರುತ್ತೆ. ಜೋರು ಮಳೆ ಬಂದ್ರೆ ನೀರಿನ ಮೇಲೆ ಆಳೆತ್ತರ ನೊರೆ. ಮಕ್ಕಳು ಹಿಮ ಅಂತ ಓಡ್ತಾರೆ, ಹಿಡ್ಕೊಳ್ಳೋದೇ ಕೆಲಸ. ನೀವು ಬರೀ ಕಲ್ಲು ಅಂತೀರಲ್ಲ, ಆ ಕಲ್ಲಿನ ಮೇಲೆ ನಿಂತಿರೋ ನೀರು ಕ್ಲೀನಾಗಿದೆಯಲ್ಲ, ಸಾಕು.

ಸೀತಾಂಗೋಳಿ ರೈಡರ್

ಟಿಟ್ಟಿಭ ಅಣ್ಣಾ, ಅಷ್ಟು ಬರೆದಿರಿ, ಯಾವ ಪದವು ಅಂತಲೇ ಹೇಳಲಿಲ್ಲ. ಲೊಕೇಶನ್ ಹಾಕಿ. ಡ್ರೋನ್ ಶಾಟ್ ಸೂಪರ್ ಬರುತ್ತದೆ.

ಪದವಿನ ಟಿಟ್ಟಿಭ

ಬೇಕೆಂದೇ ಹೇಳಲಿಲ್ಲ ತಮ್ಮ. ಕುಂಬಳೆಯಿಂದ ಬದಿಯಡ್ಕದವರೆಗೆ ಎಲ್ಲಿ ನಿಂತರೂ ಒಂದು ಪದವು ಕಾಣುತ್ತದೆ. ಅಕ್ಕನ ಮನೆಯ ಹತ್ತಿರವೂ ಇದೆ. ಲೊಕೇಶನ್ ಹಾಕಿದರೆ ಏನಾಗುತ್ತದೆ ಅಂದರೆ, ಮುಂದಿನ ವಾರ ಇಪ್ಪತ್ತು ಬೈಕು, ನಾಲ್ಕು ಜೀಪು. ಎಲ್ಲವೂ ಪಳ್ಳದ ಬದಿಯವರೆಗೆ. ನೀಲಿ ಹೂ ಇರುವ ಮಣ್ಣು ಎರಡು ಬೆರಳು ದಪ್ಪ ಅಷ್ಟೇ. ಟಯರು ಒಮ್ಮೆ ತಿರುಗಿದರೆ ಅದು ಕಿತ್ತು ಬರುತ್ತದೆ, ಮತ್ತೆ ಕೂರಲು ವರ್ಷಗಳು ಬೇಕು. ಮೊಟ್ಟೆಯ ವಿಷಯ ಹೇಳಿದೆನಲ್ಲ.

ಸೀತಾಂಗೋಳಿ ರೈಡರ್

ಎಲ್ಲ ರೈಡರುಗಳೂ ಹಾಗಲ್ಲ ಅಣ್ಣ. ಮತ್ತೆ ಹೀಗೆ ಮುಚ್ಚಿಟ್ಟರೆ ಯಾರಿಗೆ ಲಾಭ? ಜನಕ್ಕೆ ಗೊತ್ತೇ ಇಲ್ಲದ ಜಾಗವನ್ನು ಕೋರೆಯವರು ತಿಂದು ಮುಗಿಸುತ್ತಾರೆ. ಯಾರೂ ಕೇಳುವುದಿಲ್ಲ, ಯಾಕೆಂದರೆ ಅಲ್ಲಿ ಏನಿತ್ತು ಅಂತಲೇ ಯಾರಿಗೂ ಗೊತ್ತಿಲ್ಲ. ಬಾಯಾರಿನ ಭಾವನ ಗುಡ್ಡೆಗೆ ವಾರಕ್ಕೆ ನೂರು ಜನ ಬರುತ್ತಿದ್ದರೆ ಅಲ್ಲಿ ಕೋರೆ ಆಗುತ್ತಿತ್ತಾ?

ಬಾಯಾರಿನ ಭಾವ

ತಮ್ಮ ಹೇಳಿದ್ದರಲ್ಲಿ ವಿಷಯ ಉಂಟು. ನಾನು ಒಬ್ಬನೇ ಅರ್ಜಿ ಹಿಡಿದು ಹೋದಾಗ "ಅಲ್ಲಿ ಎಂತ ಉಂಟು, ಬರೀ ಕಲ್ಲು ತಾನೆ" ಎಂದು ಕೇಳಿದರು. ಮೇಲೆ ಅಕ್ಕ ಕೇಳಿದ್ದೂ ಅದೇ ಮಾತು (ಬೇಜಾರು ಬೇಡ ಅಕ್ಕ). ನೋಡಿದವರು ಜಾಸ್ತಿ ಇದ್ದರೆ ಉತ್ತರ ಹೇಳಲು ಜನ ಸಿಗುತ್ತಾರೆ.

ಆದರೆ ನೂರು ಜನ ಬಂದು ನೂರು ಬಾಟಲಿ ಬಿಟ್ಟು ಹೋದರೆ ಹೆಕ್ಕುವವನು ನಾನು. ಅದೂ ನಿಜ.

ಬದಿಯಡ್ಕದ ಮಾಷ್ಟ್ರು

ಇಬ್ಬರದ್ದೂ ಕೇಳಿದೆ. ನನಗೆ ಟಿಟ್ಟಿಭನ ಕಡೆಯೇ ಒಲವು. ನಡೆದುಕೊಂಡು ಬರುವವನಿಗೆ ದಾರಿ ತೋರಿಸಬೇಕು, ಊರಿನವರು ಯಾರಾದರೂ ಜೊತೆಗೆ ಬರಬೇಕು. ಫೋನಿನಲ್ಲಿ ಚುಕ್ಕೆ ನೋಡಿಕೊಂಡು ಬಂದವನಿಗೆ ಜಾಗದ ಹಂಗು ಇರುವುದಿಲ್ಲ. ನಮ್ಮ ದೇವರ ಬನಗಳನ್ನು ಉಳಿಸಿದ್ದು ಬೋರ್ಡಲ್ಲ, ನಾಗರಪಂಚಮಿಗೆ ವರ್ಷವರ್ಷವೂ ತನು ಎರೆಯಲು ಹೋಗುವ ಮನೆಯವರು.

ಬೋರ್ಡು ಅಂದಾಗ ನೆನಪಾಯಿತು. ಹೊಸದಾಗಿ ಬೋರ್ಡು ಹಾಕಿದ ಕಡೆಯೂ ಎಷ್ಟೋ ಸಲ ಮಲಯಾಳ, ಇಂಗ್ಲಿಷ್ ಎರಡೇ ಇರುತ್ತವೆ. "ನೀರಿಗೆ ಇಳಿಯಬೇಡಿ" ಎಂಬುದನ್ನು ಕನ್ನಡದಲ್ಲಿ ಬರೆಯದಿದ್ದರೆ ಕನ್ನಡ ಶಾಲೆಯ ಮಗು ಓದುವುದು ಹೇಗೆ? ಇದನ್ನು ಭಾಷೆಯ ಜಗಳ ಎಂದು ತಳ್ಳಿಹಾಕಬೇಡಿ. ಜೀವದ ಪ್ರಶ್ನೆ.

ಮುಳ್ಳೇರಿಯದಮ್ಮ

ಮಾಷ್ಟ್ರು ಹೇಳಿದ್ದನ್ನೇ ಬರೆಯಲು ಬಂದೆ. ಅಕ್ಕ, ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಪದವಿನಲ್ಲಿ ಎರಡು ತರದ ನೀರು ಇರುತ್ತದೆ. ಪಳ್ಳದ ಬದಿ ಓರೆಯಾಗಿ ಇಳಿಯುತ್ತದೆ, ಅಂಚಿನಲ್ಲಿ ಹುಲ್ಲು ಇರುತ್ತದೆ. ಚೌಕಾಕಾರವಾಗಿ, ಗೋಡೆ ಕಡಿದ ಹಾಗೆ ನೇರ ಇಳಿದಿದ್ದರೆ ಅದು ಹಳೆ ಕೋರೆ ಗುಂಡಿ. ಮಳೆಗಾಲದಲ್ಲಿ ಬಾಯಿಯವರೆಗೆ ತುಂಬಿರುತ್ತದೆ. ನೀರು ಹಸಿರಾಗಿ ಚೆಂದ ಕಾಣುತ್ತದೆ. ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ, ಗೋಡೆಯ ತುಂಬ ಪಾಚಿ. ಈಜು ಬರುವವರೂ ಮೇಲೆ ಬರಲಾಗದೆ ಹೋಗಿದ್ದಾರೆ. ಮಳೆಗಾಲದಲ್ಲಿ ಇಂಥ ಸುದ್ದಿ ಇಲ್ಲದ ವರ್ಷ ಕಡಿಮೆ. ಮಕ್ಕಳ ಕೈ ಬಿಡಬೇಡಿ. ಪಳ್ಳದಲ್ಲೂ ಪಾದ ಮುಳುಗುವಷ್ಟು ಸಾಕು.

ಇನ್ನೊಂದು ಸಿಡಿಲು. ಅಕ್ಟೋಬರ್, ನವೆಂಬರ್‌ನಲ್ಲಿ ಬೆಳಿಗ್ಗೆ ಆಕಾಶ ಶುಭ್ರವಾಗಿರುತ್ತದೆ, ಮಧ್ಯಾಹ್ನ ಎರಡರ ಮೇಲೆ ಗುಡುಗು. ಬಯಲು ಪದವಿನಲ್ಲಿ ಎಲ್ಲಕ್ಕಿಂತ ಎತ್ತರ ನೀವೇ. ಒಂಟಿ ಮರದ ಕೆಳಗೆ ನಿಲ್ಲುವುದೂ ಅಪಾಯ. ಊಟ ಮುಗಿಸಿ ಇಳಿದುಬಿಡಿ.

ಮತ್ತೆ ಯಾರಾದರೂ ನಮ್ಮ ಕಡೆ ಕಾರಡ್ಕ, ದೇಲಂಪಾಡಿ ಕಾಡಿಗೆ ಹೋಗಿ ಎಂದರೆ ಸುಮ್ನೆ ಹೊರಡಬೇಡಿ. ಚೆಂದದ ಕಾಡು, ಪಯಸ್ವಿನಿ ಹೊಳೆ ಉಂಟು, ಎಲ್ಲ ಸರಿ. ಆದರೆ ಆನೆಗಳು ತೋಟಕ್ಕೇ ಇಳಿಯುತ್ತವೆ. ಬಾಳೆ, ತೆಂಗು, ಅಡಕೆ ಎಲ್ಲ ನೆಲಸಮ ಮಾಡಿ ಹೋಗುತ್ತವೆ. ನಾವೇ ಸಂಜೆಯಾದ ಮೇಲೆ ಟಾರ್ಚ್ ಇಲ್ಲದೆ ಅಂಗಳ ದಾಟುವುದಿಲ್ಲ.

ಉಪ್ಪಳದಕ್ಕ

ಅಮ್ಮ, ಕೋರೆ ಗುಂಡಿಯ ವಿಷಯ ಇವರಿಗೆ ಓದಿ ಹೇಳಿದೆ. ನಿದ್ದೆ ಬಿಟ್ಟು ಎದ್ದು ಕೂತರು. ಮಕ್ಕಳನ್ನು ಒಬ್ಬಳೇ ಕರೆದುಕೊಂಡು ಹೋಗಬೇಡ, ನಾನೂ ಬರುತ್ತೇನೆ ಅಂದರು. ಅಷ್ಟರಮಟ್ಟಿಗೆ ಈ ಚರ್ಚೆ ಗೆದ್ದಿತು.

ಹಕ್ಕಿ ನೋಡಲು ಮಕ್ಕಳಿಗೆ ಎಲ್ಲಿ ಸುಲಭ? ಬೈನಾಕ್ಯುಲರ್ ಇಲ್ಲ ನಮ್ಮ ಹತ್ತಿರ.

ಪದವಿನ ಟಿಟ್ಟಿಭ

ಕಿದೂರು. ಇದರ ಹೆಸರು ಹೇಳಲು ನನಗೆ ಅಡ್ಡಿಯಿಲ್ಲ, ಪಕ್ಷಿಗ್ರಾಮ ಎಂದು ಆಗಲೇ ಹೆಸರಾಗಿದೆ. ಕುಂಬಳೆ ಪಂಚಾಯತಿನಲ್ಲೇ ಇದೆ. ಒಂದೇ ಊರಿನಲ್ಲಿ 150ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ದಾಖಲಿಸಿದ್ದಾರೆ. ಕಾರಣ ಸರಳ. ಒಂದು ಕಡೆ ಪದವು, ಇನ್ನೊಂದು ಕಡೆ ಕುರುಚಲು ಕಾಡು, ಕೆಳಗೆ ತೋಟ, ಸ್ವಲ್ಪ ದೂರದಲ್ಲಿ ಶಿರಿಯ ಹೊಳೆ. ನಾಲ್ಕು ತರದ ಹಕ್ಕಿಗೂ ಅಲ್ಲೇ ಊಟ ಸಿಗುತ್ತದೆ.

ಬೈನಾಕ್ಯುಲರ್ ಇಲ್ಲದಿದ್ದರೆ ಚಿಂತೆಯಿಲ್ಲ, ಕಿವಿ ಸಾಕು. ಬೆಳಿಗ್ಗೆ ಏಳಕ್ಕೆ ಒಂದು ಜಾಗದಲ್ಲಿ ಹತ್ತು ನಿಮಿಷ ಮಾತಾಡದೆ ಕೂರಿಸಿ, ಎಷ್ಟು ಬೇರೆ ಬೇರೆ ಸ್ವರ ಕೇಳಿತು ಅಂತ ಬೆರಳು ಮಡಚಲು ಹೇಳಿ. ಮಾತಾಡದೆ ಕೂರುವುದೇ ಕಷ್ಟ, ಗೊತ್ತು. ಚಳಿಗಾಲಕ್ಕೆ ಹೋದರೆ ನವರಂಗ ಸಿಗಬಹುದು. ಹಿಮಾಲಯದ ಬುಡದಿಂದ ಇಲ್ಲಿಗೆ ಬಂದು ತೋಟದ ತರಗೆಲೆ ಕೆದಕುತ್ತಾ ಇರುತ್ತದೆ. ಮುಸ್ಸಂಜೆಗೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ.

ಗೂಡಿನ ಫೋಟೋ ಮಾತ್ರ ಯಾರೂ ತೆಗೆಯಬೇಡಿ. ನಾವು ಕೊಂಬೆ ಸರಿಸಿ ಹೋದ ದಾರಿಯಲ್ಲೇ ಕಾಗೆ ಬರುತ್ತದೆ.

ಕಾಞಂಗಾಡಿನ ಕನ್ನಡಿಗ

ಉತ್ತರದವರೇ ಮಾತಾಡುತ್ತಿದ್ದೀರಿ, ದಕ್ಷಿಣದ್ದೂ ಸ್ವಲ್ಪ ಸೇರಿಸುತ್ತೇನೆ. ಉಪ್ಪಳದವರಿಗೆ ಒಂದು ಗಂಟೆಯಲ್ಲಿ ಆಗುವುದಿಲ್ಲ, ಆದರೆ ಒಂದು ಇಡೀ ದಿನ ಸಿಕ್ಕಿದರೆ ರಾಣಿಪುರಂಗೆ ಹೋಗಿ. ಕಾಞಂಗಾಡಿನಿಂದ 48 ಕಿ.ಮೀ., ಪನತ್ತಡಿಯಿಂದ ಮೇಲೆ ಹತ್ತಬೇಕು. ಹಳೆ ಹೆಸರು ಮಾಡತ್ತುಮಲ. ಮೊದಲು ದಟ್ಟ ಶೋಲಾ ಕಾಡು, ಅದು ಮುಗಿದದ್ದೇ ಬೋಳು ಹುಲ್ಲುಗುಡ್ಡ. ಆಚೆ ಕಡೆ ಇಳಿದರೆ ಕರ್ನಾಟಕದ ತಲಕಾವೇರಿ ಅಭಯಾರಣ್ಯ. ಅರಣ್ಯ ಇಲಾಖೆಯ ಟಿಕೆಟ್ ಉಂಟು. ಆನೆ ಇದ್ದರೆ ಬಿಡುವುದಿಲ್ಲ, ಹೊರಡುವ ಮೊದಲು ವಿಚಾರಿಸಿ. ಮಳೆಗಾಲದಲ್ಲಿ ಉಂಬುಳದ (ಜಿಗಣೆಯ) ಕಾಟ ಜಾಸ್ತಿ.

ತೃಕ್ಕರಿಪುರದ ಹತ್ತಿರ ಇಡಯಿಲೆಕ್ಕಾಡ್ ಎಂಬ ಕಾವು (ದೇವರ ಬನ) ಇದೆ, ಹಿನ್ನೀರಿನ ಪಕ್ಕದಲ್ಲಿ ಮಂಗಗಳ ಬನ. ಓಣಂ ಸಮಯದಲ್ಲಿ ಊರಿನ ಮಕ್ಕಳು ಅಲ್ಲಿಯ ಮಂಗಗಳಿಗೆ ಎಲೆ ಹಾಕಿ ಹಬ್ಬದೂಟ (ಮಲಯಾಳದ 'ಸದ್ಯ') ಬಡಿಸುತ್ತಾರೆ. ಅಜ್ಜಿ ಮೊಮ್ಮಕ್ಕಳು ಇಬ್ಬರಿಗೂ ಖುಷಿಯಾಗುವ ಜಾಗ. ಬೇರೆ ದಿನ ಹೋದರೆ ನೀವಾಗಿ ತಿನ್ನಲು ಕೊಡಬೇಡಿ.

ಮತ್ತೊಂದು ಸಂಗತಿ. 2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿ ಎಂದು ಘೋಷಿಸಿತು. ದೇಶದಲ್ಲೇ ಹಾಗೆ ಮಾಡಿದ ಮೊದಲ ಜಿಲ್ಲೆ. ಮರ ಕಾಸರಕ. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಪ್ರಾಣಿ ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಮೆದುಚಿಪ್ಪಿನ ಆಮೆ. ಹೂ ಯಾವುದು ಗೊತ್ತಾ? ಪೆರಿಯದ ಮುರಕಲ್ಲಿನ ತೋಡುಗಳಲ್ಲಿ ಮಳೆಗಾಲಕ್ಕೆ ಅರಳುವ ಬಿಳಿ ಲಿಲ್ಲಿ, ಕ್ರೈನಮ್ ಮಲಬಾರಿಕಮ್. 2012ರವರೆಗೆ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. "ಬರೀ ಕಲ್ಲು" ಎಂದು ಕೇಳುವವರಿಗೆ ಇದನ್ನೂ ಹೇಳಬಹುದು, ಬಾಯಾರಿನ ಭಾವ.

ಬಾಯಾರಿನ ಭಾವ

ಅರ್ಜಿಗೆ ಸೇರಿಸುತ್ತೇನೆ ಮಾರಾಯ್ರೆ, ಥ್ಯಾಂಕ್ಸ್. ನಮ್ಮ ಗುಡ್ಡೆಯಲ್ಲಿ ಆ ಲಿಲ್ಲಿ ಇಲ್ಲ, ಆದರೆ ನೀಲಿ ಹೂ, ಡ್ರೊಸೆರಾ ಎರಡೂ ಉಂಟು. ಟಿಟ್ಟಿಭ ಭಾವ ಒಮ್ಮೆ ಬಂದು ಯಾವುದೆಲ್ಲ ಉಂಟು ಅಂತ ಪಟ್ಟಿ ಮಾಡಿಕೊಟ್ಟರೆ ಪಂಚಾಯತಿನ ಜೀವವೈವಿಧ್ಯ ರಿಜಿಸ್ಟರಿಗೆ ಕೊಡಬಹುದು. ಅದರಲ್ಲಿ ಸೇರಿದರೆ ನಾಳೆ ಯಾರಾದರೂ ಕೇಳುವಾಗ ತೋರಿಸಲು ಒಂದು ಕಾಗದ ಆಯಿತು. ಸುರಂಗದ ನೀರಿನದ್ದೇ ಪುನರ್ಪುಳಿ ಶರಬತ್ತು ನನ್ನ ಲೆಕ್ಕ.

ಪದವಿನ ಟಿಟ್ಟಿಭ

ಬರುತ್ತೇನೆ ಭಾವ. ಈ ತಿಂಗಳೇ ಆಗಬೇಕು, ಹೂ ಬಾಡಿದರೆ ಗುರುತು ಹಿಡಿಯುವುದು ಕಷ್ಟ.

ಸೀತಾಂಗೋಳಿ ರೈಡರ್

ನಾನೂ ಬರಬಹುದಾ? ಬೈಕು ಕೆಳಗಿನ ರಸ್ತೆಯಲ್ಲೇ ಬಿಡುತ್ತೇನೆ. ಫೋಟೋ ತೆಗೆಯುವ ಕೆಲಸ ನನಗೆ ಕೊಡಿ. ಪಟ್ಟಿಗೆ ಫೋಟೋ ಬೇಕಲ್ವಾ? ಲೊಕೇಶನ್ ಆಫ್ ಮಾಡಿಯೇ ತೆಗೆಯುತ್ತೇನೆ. ಆದರೂ ನನ್ನ ಮಾತು ಅದೇ, ನಾಲ್ಕು ಜನಕ್ಕೆ ಗೊತ್ತಾಗಬೇಕು.

ಬಾಯಾರಿನ ಭಾವ

ಬಾ ತಮ್ಮ. ಡ್ರೋನ್ ಮನೆಯಲ್ಲಿಟ್ಟು ಬಾ, ನಮ್ಮ ದನ ಹೆದರುತ್ತವೆ.

ಉಪ್ಪಳದಕ್ಕ

ನಮ್ಮದು ಹೀಗೆ ತೀರ್ಮಾನವಾಯಿತು. ಮಳೆ ಜೋರಿಲ್ಲದಿದ್ದರೆ ಈ ಭಾನುವಾರ ಬೆಳಿಗ್ಗೆ ಅನಂತಪುರ, ಅಲ್ಲಿಂದ ಪದವು, ಅಲ್ಲೇ ಊಟ, ಎರಡು ಗಂಟೆಯೊಳಗೆ ಇಳಿಯುವುದು. ಕಿದೂರು ಡಿಸೆಂಬರ್‌ಗೆ, ನವರಂಗದ ಹೆಸರಲ್ಲಿ. ಊಟಕ್ಕೆ ಚಿತ್ರಾನ್ನ, ಮೊಸರನ್ನ, ಹಾಳೆ ತಟ್ಟೆ. ಚಿಪ್ಸ್ ಪ್ಯಾಕೆಟ್ ಇಲ್ಲ ಎಂದು ಮಕ್ಕಳಿಗೆ ಹೇಳಿದ್ದಕ್ಕೆ ಇನ್ನೂ ಜಗಳ ನಡೆಯುತ್ತಿದೆ. ಮನೆಗೆ ತಂದರೆ ತೊಳೆದು ಒಣಗಿಸಿ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡುವ ಕೆಲಸ ಹೇಗೂ ನನ್ನದೇ.

ಎರಡು ಪ್ರಶ್ನೆ ಉಳಿದಿವೆ. ಅತ್ತೆಗೆ ಹವಾಯಿ ಚಪ್ಪಲಿ ನಡೆಯುತ್ತದಾ? ಅನಂತಪುರದ ಪದವಿನಲ್ಲೂ ಉಂಬುಳ ಇರುತ್ತದಾ?

ಮುಳ್ಳೇರಿಯದಮ್ಮ

ಹವಾಯಿ ಬೇಡವೇ ಬೇಡ. ಕಪ್ಪು ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಹಿಂದೆ ಪಟ್ಟಿ ಇರುವ, ಅಡಿ ಒರಟಾದ ಚಪ್ಪಲಿ ಹಾಕಿಸಿ. ಒಂದು ಕೋಲೂ ಇರಲಿ. ಪ್ಲಾಸ್ಟಿಕ್ ಸ್ಟೂಲ್ ಒಂದು ಡಿಕ್ಕಿಯಲ್ಲಿ ಹಾಕಿಕೊಳ್ಳಿ, ಮಂಡಿನೋವಿನವರಿಗೆ ನೆಲದಲ್ಲಿ ಕೂತು ಏಳುವುದೇ ದೊಡ್ಡ ಕೆಲಸ.

ಉಂಬುಳ ಬಯಲು ಪದವಿನಲ್ಲಿ ಕಡಿಮೆ, ಮರದ ನೆರಳು, ತರಗೆಲೆ ಇರುವ ಕಡೆ ಜಾಸ್ತಿ. ಹತ್ತಿದರೆ ಎಳೆಯಬೇಡಿ. ಉಪ್ಪು ಸೋಂಕಿಸಿದರೆ ತಾನಾಗಿ ಬೀಳುತ್ತದೆ. ಅತ್ತೆಗೆ ಎಲೆಯಡಿಕೆ ಅಭ್ಯಾಸ ಇದ್ದರೆ ಉಪ್ಪೂ ಬೇಡ, ಸುಣ್ಣದ ಡಬ್ಬಿ ಸೊಂಟದಲ್ಲೇ ಇರುತ್ತದೆ.

ಉಪ್ಪಳದಕ್ಕ

ಇದೆ ಅಮ್ಮ, ಡಬ್ಬಿ ಯಾವಾಗಲೂ ಇದೆ!